ಮುಸ್ಸಂಜೆಯ ಪಂಕ್ತಿ

ನಮ್ಮ ಊರಿನಲ್ಲಿ ತೀರಿಕೊಂಡವರು ವರ್ಷ ತುಂಬುವ ತನಕ ಮುಸ್ಸಂಜೆಯ ಊಟಕ್ಕೆ ಮನೆಗೆ ಬರುತ್ತಾರೆ. ಮನೆಯ ಹಿರಿಯರು ಹೊಸ್ತಿಲ ಮೇಲೆ ನಿಂತು, ಹೆಸರು ಹಿಡಿದು, "ಎಲಿ ಹಾಕೇತಿ, ಬಾ" ಎಂದು ಕರೆಯಬೇಕು. ಕರೆದರೆ ಬಂದು ಪಂಕ್ತಿಯ ಕೊನೆಯಲ್ಲಿ ಕೂರುತ್ತಾರೆ. ತಲೆ ಎತ್ತುವುದಿಲ್ಲ, ಮಾತನಾಡುವುದಿಲ್ಲ, ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಾರೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಇರುವುದೆಲ್ಲ ಅಡಿಗೆಮನೆಯ ತಾಪತ್ರಯ. ಅವರಿಗೆ ಉಪ್ಪು ಆಗದು, ಆದ್ದರಿಂದ ಸಾರನ್ನು ಎರಡು ಗಡಿಗೆಗಳಲ್ಲಿ ಮಾಡಬೇಕು. ಪಕ್ಕದ ಮನೆಯ ನಿಂಬೆವ್ವನ ಅತ್ತೆ ಸತ್ತ ವರ್ಷ ನಿಂಬೆವ್ವ ದಿನವೂ ನಮ್ಮ ಕಟ್ಟೆಗೆ ಬಂದು ಗೊಣಗುತ್ತಿದ್ದಳು. "ಇದ್ದಾಗ ಹಲ್ಲಿಲ್ಲ ಅಂತ ಗಂಜಿ ಕುಡೀತಿದ್ಲು ಮುದುಕಿ. ಈಗ ನೋಡ್ರಿ ಅಜ್ಜಾರ, ಕಟಕ್ ರೊಟ್ಟಿ ಕಟಕಟ ಕಡೀತಾಳ. ಸತ್ತಮ್ಯಾಲ ಹಲ್ಲು ಬಂದಾವೇನು?" ವರ್ಷ ತುಂಬಿ ಮುದುಕಿ ಕೊನೆಯ ಸಲ ಉಂಡು ಎದ್ದು ಹೋದ ಸಂಜೆ ಅದೇ ನಿಂಬೆವ್ವ ಪಡಸಾಲೆಯ ಕಂಬ ತಬ್ಬಿಕೊಂಡು ಅತ್ತಳು. ದುಃಖಕ್ಕೆ ನಮ್ಮಲ್ಲಿ ಹಾಗೆ ಒಂದು ವರ್ಷದ ಅವಕಾಶವಿತ್ತು. ಕೈಯಿಂದ ಬಡಿಸುತ್ತ ಬಡಿಸುತ್ತ ಮನಸ್ಸು ಬಿಟ್ಟುಕೊಡಲು ಕಲಿಯುತ್ತಿತ್ತು.

ನಾನು ಕೊಪ್ಪರಿಗೆ ತಾಯಿಯ ಗುಡಿಯಲ್ಲಿ ಪುರಾಣ ಓದುವವನು. ಹೆಂಡತಿ ಹೋಗಿ ಬಹಳ ಕಾಲವಾಯಿತು. ಇಬ್ಬರು ಗಂಡುಮಕ್ಕಳು. ಹಿರಿಯವನು ಹೊನ್ನಪ್ಪ, ಮಾತು ಕಡಿಮೆ, ಕೆಲಸ ಹೆಚ್ಚು. ಕಿರಿಯವನು ದ್ಯಾವಣ್ಣ, ನಿದ್ದೆಯಲ್ಲಿಯೂ ಮಾತನಾಡುವವನು.

ಹೊಳೆಯಾಚೆಯ ಊರಿಗೂ ನಮಗೂ ನಡುವಿನ ಗುಡ್ಡದ ಸಲುವಾಗಿ ಯುದ್ಧ ನಡೆದಿತ್ತು. ಗುಡ್ಡದ ಮೇಲೆ ಕಲ್ಲಿತ್ತು, ಕಾರೆಮುಳ್ಳಿತ್ತು, ಬೇರೆ ಏನೂ ಇರಲಿಲ್ಲ. ನಾವು ಬೆಳಿಗ್ಗೆ ಹಿಡಿದರೆ ಅವರು ಸಂಜೆಗೆ ಹಿಡಿಯುತ್ತಿದ್ದರು. ಹೀಗೆಯೇ ನಡೆದರೆ ಮುಗಿಯುವುದಿಲ್ಲವೆಂದು ನಮ್ಮ ಪಂಚರು, ಅವರ ಮುಂದಾಳಾದ ಅಡಿವೆಪ್ಪಗೌಡರ ಮಾತಿನಂತೆ, ಎಲ್ಲಿಂದಲೋ ಒಬ್ಬ ದಳವಾಯಿಯನ್ನು ಕರೆಸಿದರು. ಅವನು ತನ್ನ ಕುದುರೆಯಾಳುಗಳೊಂದಿಗೆ ಬಂದ. ಆ ಆಳುಗಳು ಕೊನೆಯವರೆಗೂ ಗುಡ್ಡ ಹತ್ತಲಿಲ್ಲ. ಅವರು ಕಾಯುತ್ತಿದ್ದುದು ನಮ್ಮ ಊರಿನ ಕಣಜವನ್ನು.

ದಳವಾಯಿ ಮೃದುವಾಗಿ ಮಾತನಾಡುವ ಮನುಷ್ಯ. ಬಂದ ಹೊಸದರಲ್ಲಿ ಗುಡಿಯ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ತಿಳಿಸಿ ಹೇಳಿದ. "ನೀವು ಗುಡ್ಡ ಗೆಲ್ಲಲು ಹೊರಟಿದ್ದೀರಿ. ಅದೇ ತಪ್ಪು. ಗುಡ್ಡ ಒಂದು ಅರೆಯುವ ಕಲ್ಲು, ಅಷ್ಟೆ. ಅವರೂ ಅದರ ಮೇಲೆ ಸವೆಯುತ್ತಾರೆ, ನಾವೂ ಸವೆಯುತ್ತೇವೆ. ಅವರಿಗಿಂತ ಒಂದು ದಿನ ತಡವಾಗಿ ನಾವು ಸವೆದರೆ ಗೆಲುವು ನಮ್ಮದು."

ಗಂಡಸರೆಲ್ಲ ತಲೆದೂಗಿದರು. ಹೆಂಗಸರ ಗುಂಪಿನಿಂದ ನಿಂಬೆವ್ವ ಕೇಳಿದಳು: "ನಾವೂ ಸವದ ಹೋದಮ್ಯಾಲ ಆ ಗೆಲುವು ಯಾರಿಗ್ರಿ?"

"ಊರಿಗೆ, ತಾಯಿ."

"ಊರು ಅಂದ್ರ ಯಾರ್ರೀ?"

ಜನ ನಕ್ಕರು. ದಳವಾಯಿಯೂ ನಕ್ಕ. ನಕ್ಕು ಗೌಡರ ಕಡೆಗೆ ತಿರುಗಿದ.

ಆ ಅರೆಯುವ ಕಲ್ಲಿನ ಮೇಲೆ ನನ್ನ ಹೊನ್ನಪ್ಪ ಸತ್ತ. ಹೇಗೆ ಸತ್ತನೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುಡ್ಡದಿಂದ ಹೊತ್ತು ತಂದರು, ಸುಟ್ಟೆವು, ಅದೇ ಮುಸ್ಸಂಜೆ ನಾನು ಹೊಸ್ತಿಲ ಮೇಲೆ ನಿಂತು ಕರೆದೆ. ಬಂದ. ಎಡಭುಜ ತುಸು ತಗ್ಗಿಸಿ ನಡೆಯುವುದು ಅವನ ರೂಢಿ, ಹಾಗೆಯೇ ನಡೆದು ಬಂದು ಕೂತ. ನಾನು ಬಡಿಸಿದೆ. ದ್ಯಾವಣ್ಣ ಅವನ ಪಕ್ಕದಲ್ಲಿ ಕೂತು, ಅಣ್ಣ ಉತ್ತರ ಕೊಡುವುದಿಲ್ಲವೆಂದು ಗೊತ್ತಿದ್ದರೂ, ದಿನದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದ. "ಅಣ್ಣಾ, ನಿನ್ನ ಕಂದೆತ್ತು ನನ್ನ ಮಾತು ಕೇಳವಲ್ದು ನೋಡು. ನೊಗ ಕಂಡಕೂಡ್ಲೆ ಕುಂಡ್ರತೈತಿ. ನೀ ಇದ್ದಾಗ ಅದಕ್ಕ ಕಿವ್ಯಾಗ ಏನ್ ಹೇಳ್ತಿದ್ದಿ ಅಂತ?" ಹೊನ್ನಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ. ನನಗೆ ಅಷ್ಟು ಸಾಕಾಗಿತ್ತು. ಗುಡಿಯಲ್ಲಿ ಮಾಡುವ ಪೂಜೆಗಿಂತ ಆ ಒಂದು ಎಲೆಗೆ ಬಡಿಸುವುದು ನನಗೆ ದೊಡ್ಡ ಪೂಜೆಯಾಗಿತ್ತು.

ದಳವಾಯಿಯ ಸೀಮೆಯಲ್ಲಿ ಸತ್ತವರು ಬರುವುದಿಲ್ಲವಂತೆ. ಅವನಿಗೆ ಅವರನ್ನು ಕಂಡರೆ ಭಯ. ಸೀರೆಯುದ್ದ ದೂರದಲ್ಲಿಯೇ ನಿಂತು ನೋಡುತ್ತಿದ್ದ. ಮೊದಲು ಅವನು ಕೇಳಿದ್ದು, "ಇವರಿಗೂ ಕಣಜದ ಕಾಳೇ?" ಎಂದು. ಕೆಲವು ದಿನಗಳ ಮೇಲೆ ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಹಿಂದುಮುಂದಿಲ್ಲದ ನಮ್ಮ ಊರಿನ ಒಬ್ಬ ಆಳು ಗುಡ್ಡದಲ್ಲಿ ಸತ್ತಿದ್ದ. ಅವನನ್ನು ಕರೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಗುಡ್ಡದಿಂದ ಇಳಿದು, ಊರ ಕೋಟೆಯ ಬಾಗಿಲ ಹೊರಗೆ ತುಸು ನಿಂತು, ಆಮೇಲೆ ಹೊಳೆ ದಾಟಿ ಆಚೆಯ ಊರಿಗೆ ಹೋದ. ಆಚೆಯವರಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಮುಸ್ಸಂಜೆಗೆ ಬಾಗಿಲು ತೆರೆದಿಡುತ್ತಾರೆ, ಬಂದವರಿಗೆ ಎಲೆ ಹಾಕುತ್ತಾರೆ. ಅವನು ಮೊದಲ ಮನೆಯಲ್ಲಿಯೇ ಕೂತು ಉಂಡನಂತೆ. ಇದನ್ನು ದಳವಾಯಿ ಬುರುಜಿನ ಮೇಲಿಂದ ನೋಡಿದ.

ಮರುದಿನ ಡಂಗುರವಾಯಿತು. ಇನ್ನು ಮುಂದೆ ಯಾರೂ ಸತ್ತವರನ್ನು ಕರೆಯಕೂಡದು. ಮುಸ್ಸಂಜೆಯಾಗುತ್ತಲೇ ಗುಡಿಯ ನಗಾರಿ ಬಾರಿಸಬೇಕು, ಕದ್ದು ಕರೆದವರ ದನಿಯೂ ಅದರಲ್ಲಿ ಮುಳುಗಿ ಹೋಗಬೇಕು. ನಮ್ಮ ಸತ್ತವರೆಲ್ಲ ಆಚೆಗೆ ಹೋಗಿ ಉಣ್ಣಲಿ, ಅವರ ಕಣಜ ನಮ್ಮದಕ್ಕಿಂತ ಮೊದಲು ಬರಿದಾಗಲಿ.

ತಾಯಿಗೆ ಮಂಗಳಾರತಿಯ ಹೊತ್ತಿನಲ್ಲಿ ಬಾರಿಸುವ ನಗಾರಿ ಅದು. ಅದನ್ನು ಬಾರಿಸಿ ನನ್ನ ಬಾಯಿ ಮುಚ್ಚಿಸಿದರು. ಮೊದಲ ಸಂಜೆ ನಾನು ಗಂಟಲು ಹರಿಯುವ ಹಾಗೆ ಹೊನ್ನಪ್ಪನನ್ನು ಕರೆದೆ. ಪಕ್ಕದಲ್ಲಿ ನಿಂತ ದ್ಯಾವಣ್ಣನಿಗೇ ಕೇಳಿಸಲಿಲ್ಲ. ಬುರುಜು ಹತ್ತಿ ನೋಡಿದೆ. ಗುಡ್ಡದ ಬುಡದಿಂದ ಹೊಳೆಯ ಕಡೆಗೆ ಸಾಲಾಗಿ ಇಳಿದು ಹೋಗುತ್ತಿದ್ದರು. ಆ ಸಾಲಿನಲ್ಲಿ ಒಬ್ಬನ ಎಡಭುಜ ತಗ್ಗಿತ್ತು.

ಮರುದಿನ ಬೆಳಿಗ್ಗೆ ದಳವಾಯಿಯ ಬಿಡಾರಕ್ಕೆ ಹೋದೆ. ಅವನು ಎದ್ದು ಬಂದು ಚಾಪೆ ಹಾಕಿಸಿ, ಕೂರಿಸಿ, ಮಜ್ಜಿಗೆ ತರಿಸಿದ. ನನಗೆ ಕುಡಿಯಲಾಗಲಿಲ್ಲ.

"ನನ್ನ ಮಗನ್ನ ನನ್ನ ಮನೀಗೆ ಬಿಡ್ರಿ," ಎಂದೆ.

"ನಿಮ್ಮ ಮಗ ಬದುಕಿದ್ದಾಗ ಮಾಡಿದ್ದಕ್ಕಿಂತ ದೊಡ್ಡ ಸೇವೆ ಈಗ ಮಾಡುತ್ತಿದ್ದಾನೆ, ಹಿರಿಯರೇ."

"ಅವ ಉಣ್ಣಾಕ ಹೊಂಟಾನ್ರಿ. ಸೇವಾ ಮಾಡಾಕ ಅಲ್ಲ."

"ಉಣ್ಣುವುದೇ ಸೇವೆ. ಬದುಕಿರುವ ಆಳು ನಮ್ಮ ಅನ್ನ ತಿಂದು ಅವರೊಂದಿಗೆ ಹೋರಾಡುತ್ತಾನೆ. ಸತ್ತ ಆಳು ಅವರ ಅನ್ನವನ್ನೇ ತಿನ್ನುತ್ತಾನೆ. ಅವನಿಗೆ ಗಾಯವಿಲ್ಲ, ಆಯಾಸವಿಲ್ಲ. ಇಡೀ ವರ್ಷ ತಪ್ಪದೆ ಹೋಗುತ್ತಾನೆ."

ಮಜ್ಜಿಗೆಯನ್ನು ದೂರ ಸರಿಸಿದೆ. "ಹಂಗಾದ್ರ ನಮ್ಮ ಹುಡುಗರು ಎಷ್ಟು ಸತ್ತರ ಅಷ್ಟು ಚಲೋ ಅನ್ರಿ!"

ಬೈದೆನೆಂದು ತಿಳಿದಿದ್ದೆ. ಅವನು ಸಿಟ್ಟಾಗಲಿಲ್ಲ. ಮಂದಮತಿಯಾದ ಶಿಷ್ಯನಿಗೆ ಕೊನೆಗೂ ಪಾಠ ತಲೆಗೆ ಹತ್ತಿದಾಗ ಗುರುವಿನ ಮುಖ ಅರಳುವಂತೆ ಅವನ ಮುಖ ಅರಳಿತು. "ಪಂಚರಿಗೆ ಇದನ್ನು ತಿಳಿಸಲು ನನಗೆ ಬಹಳ ಹೊತ್ತು ಹಿಡಿಯಿತು. ನೀವು ಬೇಗ ಗ್ರಹಿಸಿದಿರಿ," ಎಂದ.

ಅವತ್ತಿನಿಂದ ಬಿತ್ತನೆ ಶುರುವಾಯಿತು. ಅದು ಅವನೇ ಇಟ್ಟ ಹೆಸರು. ಭೂಮಿತಾಯಿಯ ಮಾತು ಅದು, ಮಳೆ ನೋಡಿ, ತಿಥಿ ನೋಡಿ, ಕೈಮುಗಿದು ಮಾಡುವ ಕೆಲಸದ ಮಾತು. ಅದನ್ನು ಕೊಲೆಗೆ ಇಟ್ಟ. ಒಂದೊಂದು ಸಲಕ್ಕೆ ಒಂದೊಂದು ಓಣಿಯ ಹುಡುಗರನ್ನು ಗುಡ್ಡಕ್ಕೆ ಕಳುಹಿಸುವುದು. ಗುರಾಣಿ ಇಲ್ಲ, ಹಿಂದೆ ಬೆಂಬಲವಿಲ್ಲ, ಇಳಿದು ಬರಲು ಅಪ್ಪಣೆಯಿಲ್ಲ. ಮುಸ್ಸಂಜೆಗೆ ಅವರು ಆಚೆಯ ಊರಿನ ಪಂಕ್ತಿಯಲ್ಲಿರುತ್ತಿದ್ದರು. ಆಚೆಯ ಊರಿನ ಒಲೆಗಳ ಹೊಗೆ ದಟ್ಟವಾಗಿದ್ದರೆ ದಳವಾಯಿ, "ನೋಡಿ, ಎಷ್ಟೊಂದು ಅಡಿಗೆ ಮಾಡಬೇಕಾಗಿದೆ ಅವರಿಗೆ" ಎನ್ನುತ್ತಿದ್ದ. ಹೊಗೆ ತೆಳುವಾಗಿದ್ದರೆ, "ನೋಡಿ, ಕಾಳು ಮುಗಿಯುತ್ತ ಬಂತು" ಎನ್ನುತ್ತಿದ್ದ. ಅವನು ತಪ್ಪಾಗುವುದಕ್ಕೆ ಜಗತ್ತಿನಲ್ಲಿ ದಾರಿಯೇ ಇರಲಿಲ್ಲ. ಗೌಡರು ಹೌದೆನ್ನುತ್ತಿದ್ದರು. ಗೌಡರ ಓಣಿಯ ಸರದಿ ಯಾವಾಗಲೂ ಮುಂದಿನ ಸಲಕ್ಕೇ ಇರುತ್ತಿತ್ತು.

ನಾನು ಗುಡಿಯಲ್ಲಿ ಪುರಾಣ ಓದುವುದನ್ನು ಬಿಟ್ಟೆ. ಗರ್ಭಗುಡಿಯ ಮುಂದೆ ಕೂತು ತಾಯಿಯೊಂದಿಗೆ ಜಗಳವಾಡಿದೆ. ಹಸಿದು ಬಂದವರನ್ನು ನೀನು ಬರಿಗೈಯಲ್ಲಿ ಕಳುಹಿಸಿದ್ದಿಲ್ಲವೆಂದು ನನ್ನ ಬಾಯಿಂದಲೇ ಊರಿಗೆಲ್ಲ ಓದಿಸಿದೆಯಲ್ಲ. ಉಣ್ಣುವ ಎಲೆಯನ್ನು ಕತ್ತಿ ಮಾಡಿದವನ ಕೈ ಯಾಕೆ ಸೆಟೆದು ಹೋಗಲಿಲ್ಲ? ಅವನು ನಿನ್ನ ನಗಾರಿಯನ್ನು ಬಾರಿಸುತ್ತಿದ್ದಾನೆ, ನಿನಗೆ ಕೇಳಿಸುತ್ತಿಲ್ಲವೇ? ನನಗೆ ಅವಳ ಮೇಲೂ ಸಿಟ್ಟಿತ್ತು. ಆದರೆ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳ ಮುಂದೆಯೇ ಹೋಗಿ ಕೂರುತ್ತಿದ್ದೆ.

ಒಂದು ಮುಂಜಾನೆ ನಮ್ಮ ಓಣಿಯ ಸರದಿ ಬಂತೆಂದು ಸಾರಿದರು. ಅದರೊಂದಿಗೆ ಗೌಡರ ಓಣಿಯ ಹೆಸರನ್ನೂ ಸಾರಿದರು, ಏಕೆಂದರೆ ಬೇರೆ ಓಣಿಗಳು ಉಳಿದಿರಲಿಲ್ಲ. ಮರುದಿನ ಸೂರ್ಯೋದಯಕ್ಕೆ ಹೊರಡಬೇಕು. ದ್ಯಾವಣ್ಣ ದನದ ಕೊಟ್ಟಿಗೆಯಿಂದ ಬಂದು ಸುದ್ದಿ ಕೇಳಿದ. ಕೈಗೆ ಅಂಟಿದ ಸಗಣಿಯನ್ನು ಗೋಡೆಗೆ ಒರೆಸಿದ. ಆಮೇಲೆ, "ಇರ್ಲಿ ಬಿಡಪಾ. ಆಚೀಕಡೆ ಸಾರು ಚಲೋ ಮಾಡ್ತಾರಂತ. ಅಣ್ಣನೂ ಅಲ್ಲೇ ಅದಾನ," ಎಂದ.

ಹುಟ್ಟಿದಾಗಿನಿಂದ ಅವನ ಮೇಲೆ ಕೈ ಎತ್ತಿರಲಿಲ್ಲ. ಅಂದು ಹೊಡೆದೆ. ಹೊಡೆದು ಅಲ್ಲಿಯೇ ಕುಸಿದು ಕೂತೆ.

ನಿಂಬೆವ್ವನಿಗೂ ಒಬ್ಬನೇ ಮಗ, ಶಿದ್ಲಿಂಗ. ಅವಳು ಬಂದು ನನ್ನೆದುರಿಗೆ ಕೂತು, ಕಡ್ಡಿಯಿಂದ ನೆಲ ಗೀಚುತ್ತ ಗೀಚುತ್ತ ಹೇಳಿದಳು: "ಅಜ್ಜಾರ, ಸತ್ತವರನ್ನ ಮತ್ತೊಮ್ಮೆ ಸಾಯಾಕ ಕಳಸಾಕ ಬರೂದಿಲ್ಲಲ್ರೀ?"

"ಇಲ್ಲ."

"ಇವತ್ತ ಸಂಜೀಕ ನಮ್ಮ ಹುಡುಗರು ಸತ್ತಾರ ಅಂತ ತಿಳ್ಕೋರಿ. ಆ ಹೊರಗಿನಾಂವಗೇನು ಗೊತ್ತು, ಯಾವಾಗ ಸತ್ತರು, ಎಲ್ಲಿ ಸತ್ತರು ಅಂತ? ಹತ್ರ ಬಂದು ಮುಟ್ಟಿ ನೋಡೂ ಧೈರ್ಯ ಅವಂಗಿಲ್ಲ. ಪಂಕ್ತಿ ಹಾಕೂಣು. ತಲಿ ಬಗ್ಗಿಸಿ ಕುಂಡ್ರಲಿ. ಉಪ್ಪಿಲ್ಲದ್ದು ಉಣ್ಣಲಿ. ಮಾತಾಡಬಾರ್ದು, ಅಷ್ಟ."

ಅವಳು ಆ ಕೊನೆಯ ಮಾತನ್ನು ಹೇಳುವಾಗ ಇಬ್ಬರೂ ದ್ಯಾವಣ್ಣನನ್ನು ನೋಡಿದೆವು.

"ನನ್ನ ಯಾಕ ನೋಡ್ತೀರಿ?" ಎಂದ ದ್ಯಾವಣ್ಣ. "ಕುಂಡ್ರತೀನಿ. ಸಾಯೂಕಿಂತ ಸುಮ್ಮನಿರೂದು ಸಸಾರ ಐತೋ ಇಲ್ಲೋ ನೋಡೇ ಬಿಡೂಣಂತ."

ಮಾತು ಓಣಿಯಿಂದ ಓಣಿಗೆ, ಹಿತ್ತಿಲಿನಿಂದ ಹಿತ್ತಿಲಿಗೆ ಹೋಯಿತು. ನಗಾರಿ ಬಾರಿಸುವ ಈರಣ್ಣನ ಇಬ್ಬರು ಮಕ್ಕಳು ಮೊದಲ ಬಿತ್ತನೆಯಲ್ಲಿಯೇ ಹೋಗಿದ್ದರು. ತನ್ನ ಕೈಯಿಂದಲೇ ಬಾರಿಸಿ ಅವರ ಕಿವಿ ಮುಚ್ಚಿದ್ದ ಅವನು ಆ ಸಂಜೆ ನಗಾರಿಯ ಕೋಲನ್ನು ತೆಗೆದುಕೊಂಡು ಹೋಗಿ ತನ್ನ ಮನೆಯ ಒಲೆಗೆ ಹಾಕಿದ.

ಮುಸ್ಸಂಜೆಯಾಯಿತು. ನಗಾರಿ ಇಲ್ಲದ ಸಂಜೆ ಎಷ್ಟು ದೊಡ್ಡದು ಎಂದು ಅಂದು ತಿಳಿಯಿತು. ಓಣಿಯುದ್ದಕ್ಕೂ ಎಲೆ ಹಾಕಿ, ಹಿರಿಯರೆಲ್ಲ ನಮ್ಮ ನಮ್ಮ ಹೊಸ್ತಿಲ ಮೇಲೆ ನಿಂತೆವು. ನಾನು ಮೊದಲು ಹೊನ್ನಪ್ಪನನ್ನು ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಅಷ್ಟು ದಿನ ಹೊಳೆಯಾಚೆ ಉಂಡವನ ಕಿವಿಗೆ ನನ್ನ ದನಿ ಮುಟ್ಟಲಿಲ್ಲ. ಯಾರ ಮನೆಯ ಸತ್ತವರೂ ಬರಲಿಲ್ಲ. ಆಮೇಲೆ ನಾನು ದ್ಯಾವಣ್ಣನ ಹೆಸರು ಹಿಡಿದು ಕರೆಯಬೇಕಾಗಿತ್ತು. ಬದುಕಿರುವ ಮಗನನ್ನು ಆ ಹೊಸ್ತಿಲ ಮೇಲಿಂದ, ಆ ಮಾತಿನಿಂದ ಕರೆಯುವುದೆಂದರೆ ಏನು ಎಂದು ನಮ್ಮ ಊರಿನವರಿಗೆ ಮಾತ್ರ ಗೊತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು, ತಾಯಿ, ಇದನ್ನು ನೀನು ಕೇಳಿಸಿಕೊಳ್ಳಬೇಡ ಎಂದು ಬೇಡಿಕೊಂಡು, "ದ್ಯಾವಣ್ಣಾ, ಎಲಿ ಹಾಕೇತಿ, ಬಾ" ಎಂದೆ. ಓಣಿಯ ಎರಡೂ ಬದಿಗಳಿಂದ ಅಂಥವೇ ದನಿಗಳು ಎದ್ದವು. ಕೆಲವು ಹೆಂಗಸರಿಗೆ ಹೆಸರು ಅರ್ಧಕ್ಕೇ ನಿಂತಿತು. ಹುಡುಗರು, ಗೌಡರ ಓಣಿಯವರೂ ಸೇರಿ, ತಲೆ ಬಗ್ಗಿಸಿ ಬಂದು ಸಾಲಾಗಿ ಕೂತರು.

ದಳವಾಯಿ ಬಂದ. ಪಂಜು ಹಿಡಿದ ಆಳುಗಳು ಹಿಂದೆಯೇ ನಿಂತರು. ಗೌಡರೂ ಜೊತೆಗಿದ್ದರು.

"ನಗಾರಿ ಏಕಿಲ್ಲ? ಇವರನ್ನು ಯಾರು ಕರೆದರು?"

"ನಾವ ಕರದ್ವಿ," ಎಂದಳು ನಿಂಬೆವ್ವ, ಸೌಟು ಕೆಳಗಿಡದೆ.

"ನಾಳೆ ಹೊರಡಬೇಕಾದವರು ಎಲ್ಲಿ?"

"ಯಾರೂ ಉಳದಿಲ್ರಿ. ನೀವ ಬಿತ್ತೀರಿ. ಇವರ ಆ ಪೈರು."

ಅವನು ಪಂಕ್ತಿಯ ಉದ್ದಕ್ಕೂ ನೋಡುತ್ತ ನಡೆದ. ಹತ್ತಿರ ಬರಲಿಲ್ಲ. ಆದರೆ ಅವನಿಗೆ ಸಂಶಯ ಬಂದಿತ್ತು. ನಮ್ಮ ಮನೆಯ ಮುಂದೆ ನಿಂತು, ನನ್ನ ಕಡೆ ನೋಡದೆ, ಪಂಕ್ತಿಗೆ ಕೇಳಿಸುವಂತೆ ಹೇಳತೊಡಗಿದ. "ಹಿರಿಯರೇ, ನಿಮ್ಮ ಹೊನ್ನಪ್ಪ ಹೇಗೆ ಸತ್ತನೆಂದು ನಿಮಗೆ ಹೇಳಿರಲಿಲ್ಲ. ಓಡಿಹೋಗುತ್ತಿದ್ದ. ಮುಳ್ಳಿನ ಪೊದೆಯಲ್ಲಿ ಅಡಗಿ, ಹೆಂಗಸರ ಹಾಗೆ ಕೂಗುತ್ತಿದ್ದ. ಅವ್ವಾ, ಅವ್ವಾ ಎಂದು. ಎಲ್ಲರಿಗೂ ನಗು ಬಂತು."

ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ. ನಿಜವಾದರೂ ಅದರಲ್ಲಿ ನಾಚಿಕೆ ಏನಿದೆ? ನಾನು ದ್ಯಾವಣ್ಣನನ್ನೇ ನೋಡುತ್ತಿದ್ದೆ. ಅಣ್ಣನ ಎತ್ತಿನ ಬಗ್ಗೆ ಯಾರಾದರೂ ಹಗುರವಾಗಿ ಅಂದರೂ ಹೊಡೆದಾಟಕ್ಕೆ ನಿಲ್ಲುವವನು ಅವನು. ಅವನ ಕೈ ಅನ್ನದ ಮೇಲೆ ನಿಂತಿತು. ಕುತ್ತಿಗೆಯ ನರ ಎದ್ದಿತು. ಆಮೇಲೆ ಕೈ ಮತ್ತೆ ಮೆಲ್ಲಗೆ ಅನ್ನ ಕಲಸಿತು, ಎತ್ತಿತು, ಬಾಯಿಗೆ ಹಾಕಿತು. ತುಟಿಗಳು ಮುಚ್ಚಿಯೇ ಇದ್ದವು. ಆದರೆ ಕಣ್ಣು ಯಾರ ಮಾತನ್ನು ಕೇಳುತ್ತದೆ? ಒಂದು ಹನಿ ಎಲೆಯ ಮೇಲೆ ಬಿತ್ತು. ನಾನು ಬಗ್ಗಿ, ಅದರ ಮೇಲೆಯೇ ಸಾರು ಹಾಕಿದೆ.

ದಳವಾಯಿ ನೋಡಿದ್ದ. "ಸತ್ತವರು ಅಳುತ್ತಾರೆಯೇ?" ಎಂದು ಕೇಳಿದ. ನನ್ನನ್ನಲ್ಲ, ಗೌಡರನ್ನು.

ನಮ್ಮ ಊರಿನಲ್ಲಿ ಸತ್ತವರು ಅತ್ತದ್ದನ್ನು ಯಾರೂ ಕಂಡಿಲ್ಲ. ಅದು ಗೌಡರಿಗೆ ನನ್ನಷ್ಟೇ ಚೆನ್ನಾಗಿ ಗೊತ್ತು. ಅಡಿವೆಪ್ಪಗೌಡರು ಪಂಕ್ತಿಯ ತುದಿಯ ಕಡೆ ನೋಡಿದರು. ಅಲ್ಲಿ, ಮೀಸೆ ಈಗಷ್ಟೇ ಮೂಡಿದ ಅವರ ಮೊಮ್ಮಗ ತಲೆ ಬಗ್ಗಿಸಿ, ಉಪ್ಪಿಲ್ಲದ ಅನ್ನವನ್ನು ಗಂಟಲಲ್ಲಿ ಇಳಿಸಲಾರದೆ ಇಳಿಸುತ್ತಿದ್ದ.

"ಅಳ್ತಾರ್ರಿ," ಎಂದರು ಗೌಡರು. "ನಮ್ಮ ಊರಾಗ ಭಾಳ ಅಳ್ತಾರ."

ಆ ಒಂದು ಸುಳ್ಳಿಗೆ ಅವರಿಗೆ ಪುಣ್ಯ ಬಂದಿದ್ದರೆ ಬರಲಿ. ಆದರೆ ಆ ಸುಳ್ಳು ಅವರ ಓಣಿಯ ಸರದಿ ಬರುವ ತನಕ ಕಾಯಿತು. ನನ್ನ ಹೊನ್ನಪ್ಪನಿಗೆ ಅದು ದೊರೆಯಲಿಲ್ಲ, ಈರಣ್ಣನ ಮಕ್ಕಳಿಗೆ ದೊರೆಯಲಿಲ್ಲ. ಇದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸು ಎಂದು ಪುರಾಣ ಹೇಳುತ್ತದೆ, ನಾನೇ ಓದಿದ್ದೇನೆ. ಆದರೂ ಕ್ಷಮಿಸಿಲ್ಲ.

ದಳವಾಯಿ ಪಂಕ್ತಿಯನ್ನು ಇನ್ನೊಮ್ಮೆ ಕಣ್ಣಿನಿಂದಲೇ ಎಣಿಸಿದ. ಅವನ ಮುಖದಲ್ಲಿ ದುಃಖವಾಗಲಿ ನಾಚಿಕೆಯಾಗಲಿ ನನಗೆ ಕಾಣಲಿಲ್ಲ. ಕೊಡ ಬರಿದಾಯಿತೆಂದು ಕಂಡವನು ಕೊಡವನ್ನು ಬದಿಗಿಡುವಂತೆ, "ಹಾಗಾದರೆ ಈ ಊರು ಮುಗಿಯಿತು," ಎಂದ. "ಆಚೆಯವರದೂ ಮುಗಿದಿದೆ. ನಮ್ಮದು ಒಂದು ದಿನ ತಡವಾಗಿ ಮುಗಿಯಿತು." ಬೆಳಗಾಗುವುದರೊಳಗೆ ಕಣಜದಲ್ಲಿ ಉಳಿದಿದ್ದ ಕಾಳನ್ನು ಕುದುರೆಗಳ ಮೇಲೆ ಹೇರಿಕೊಂಡು ಹೊರಟರು. ಕಹಳೆ ಊದಿಸಿ, ಗೆದ್ದೆವೆಂದು ಸಾರಿಸಿ ಹೊರಟರು. ನಮ್ಮ ಹುಡುಗರು ಆ ಕಹಳೆ ಕೇಳುತ್ತ ಇನ್ನೂ ಪಂಕ್ತಿಯಲ್ಲಿಯೇ ಕೂತಿದ್ದರು.

ಆ ದಿನ ಮುಸ್ಸಂಜೆಗೆ ಸ್ವಲ್ಪ ಮೊದಲು ನಾನು ಹೊಳೆ ದಾಟಿದೆ. ನನ್ನ ದನಿ ಅವನಿಗೆ ಮುಟ್ಟದಿದ್ದರೆ ನಾನೇ ಹೋಗಿ ಕರೆತರುವುದೆಂದು ಹೊರಟಿದ್ದೆ. ದ್ಯಾವಣ್ಣ ತಾನೂ ಬರುತ್ತೇನೆಂದ. ಬೇಡವೆಂದೆ. ಆಚೆಯ ದಡದ ಮೊದಲ ಮನೆಯ ಬಾಗಿಲು ತೆರೆದಿತ್ತು. ಕತ್ತಲಾಗುತ್ತ ಬಂತು. ಪಡಸಾಲೆಯಲ್ಲಿ ಉದ್ದನೆಯ ಪಂಕ್ತಿ. ಸಾರೆಂದರೆ ಬಣ್ಣದ ನೀರು, ಅನ್ನವೆಂದರೆ ಹಿಡಿಯಷ್ಟು ನುಚ್ಚು. ನನ್ನ ವಯಸ್ಸಿನ ಒಬ್ಬ ಹೆಂಗಸು ಸೊಂಟ ಹಿಡಿದುಕೊಂಡು ಬಡಿಸುತ್ತಿದ್ದಳು. ಗೋಡೆಯ ಬದಿಗೆ ನನ್ನ ಹೊನ್ನಪ್ಪ ಕೂತಿದ್ದ.

ಅವನ ಕಡೆಗೆ ಹೆಜ್ಜೆ ಇಟ್ಟೆ. ಆಗ ಪಂಕ್ತಿಯ ನಡುವಿನ ಒಬ್ಬ ಹುಡುಗನ ಕೆನ್ನೆಯ ಮೇಲೆ ಸೊಳ್ಳೆ ಕೂತಿದ್ದು ಕಂಡಿತು. ಹುಡುಗನ ಕೆನ್ನೆ ಅದುರಿತು. ಸೊಳ್ಳೆ ಏಳಲಿಲ್ಲ. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ, ಕೈ ಎತ್ತಲಿಲ್ಲ.

ನಾನು ನೋಡಿದ್ದನ್ನು ಮುದುಕಿ ನೋಡಿದಳು. ಸೌಟು ಹಿಡಿದೇ ಬಂದು ನನಗೂ ಹುಡುಗನಿಗೂ ನಡುವೆ ನಿಂತಳು. "ಏನ್ ನೋಡ್ತಿ? ಎಲ್ಲಾರೂ ಸತ್ತಾರ. ಹೋಗು, ಹೇಳು ಹೋಗು ನಿಮ್ಮ ದಳವಾಯಿಗೆ, ಇಲ್ಲೆ ಒಬ್ಬರೂ ಉಳದಿಲ್ಲ ಅಂತ."

"ನಮ್ಮಾಂವ ಹೋದವ್ವಾ. ಮುಂಜಾನೆ ಹೋದ. ಗೆದ್ದೆ ಅಂತ ಸಾರಿ ಹೋದ."

"ನಮ್ಮ ಊರಿನ ದಳವಾಯಿನೂ ಮುಂಜಾನೆ ಹೋದ," ಎಂದಳು. "ಗೆದ್ದೆ ಅಂತನ ಅವನೂ ಸಾರಿದ. ಮತ್ತ ಬಂದಾನು ಅಂತ ಹೆದರಿ, ಹೊತ್ತು ಹುಟ್ಟಿದಾಗಿಂದ ಹುಡುಗರನ್ನ ಹಿಂಗ ಕುಂಡ್ರಿಸೀನಿ."

"ಬರೂದಿಲ್ಲ. ಎಬ್ಬಿಸವ್ವಾ."

ಅವಳು ಸೌಟನ್ನು ನೆಲಕ್ಕಿಟ್ಟಳು. ಪಂಕ್ತಿಯ ಕಡೆ ತಿರುಗಿ, "ಏಳ್ರೋ," ಎಂದಳು. "ಏಳ್ರಪಾ. ಹೋದ್ರಂತ."

ಸೊಳ್ಳೆಯ ಹುಡುಗ ಮೊದಲು ಎದ್ದ. ಅವನ ಹಿಂದೆ ಇನ್ನೂ ಕೆಲವರು, ಮರಗಟ್ಟಿದ ಕಾಲುಗಳನ್ನು ತಿಕ್ಕಿಕೊಳ್ಳುತ್ತ, ಗೋಡೆ ಹಿಡಿದು ಎದ್ದರು. ಒಬ್ಬ ಬಿಕ್ಕಿ ಬಿಕ್ಕಿ ನಕ್ಕ. ಉಳಿದವರು ಏಳಲಿಲ್ಲ. ಅವರು ತಲೆ ಬಗ್ಗಿಸಿ ಉಣ್ಣುತ್ತಲೇ ಇದ್ದರು. ಅವರಲ್ಲಿ ನಮ್ಮ ಊರಿನವರಿದ್ದರು, ಅವಳ ಊರಿನವರಿದ್ದರು. ನನ್ನ ಹೊನ್ನಪ್ಪನ ಪಕ್ಕದಲ್ಲಿ, ಅವಳದೇ ಮೂಗು, ಅವಳದೇ ಹಣೆಯ ಒಬ್ಬ ಕೂತಿದ್ದ. ಅವಳು ಅವನ ಎದುರಿಗೆ ಹೋಗಿ ನಿಂತಳು. ನಾನು ನನ್ನವನ ಎದುರಿಗೆ ನಿಂತೆ.

"ಏಳಪಾ," ಎಂದು ಅವಳು ಇನ್ನೊಮ್ಮೆ ಅಂದಳು.